ನೋಡಿದರೆ ಚೆನ್ನಾಗೇ ಇದ್ದೀರಲ್ಲ!

ತಲೆಗೆ ಪೆಟ್ಟಾದವರ, ಸ್ಟ್ರೋಕ್ ಆದವರ ಮನೆಯವರು, ಸ್ನೇಹಿತರು, ಜೊತೆ ಕೆಲಸ ಮಾಡುವವರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ವಾಕ್ಯ ಸರಿಮಾಡಿದ್ದೇನೆ. ಉಳಿದಂತೆ ಅಲ್ಲಿ ಮಾತಾಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ.

ಮಿದುಳಿಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದವರು ಪದೇ ಪದೇ ಕೇಳಬೇಕಾಗುವ ಮಾತು ಯಾವುದು ಗೊತ್ತಾ? "ನೋಡಿದರೆ ಚೆನ್ನಾಗೇ ಇದ್ದೀರಲ್ಲ!" ಹೇಳುವವರು ಖುಷಿಯಿಂದಲೇ ಹೇಳುತ್ತಾರೆ. ಹೊಲಿಗೆ ಬಿಚ್ಚಿದ್ದಾಗಿದೆ, ಬೋಳಿಸಿದ್ದ ಕೂದಲು ಮತ್ತೆ ಬೆಳೆದಿದೆ, ನಡೆಯುತ್ತಾರೆ, ನಗುತ್ತಾರೆ, ನಮ್ಮ ಹೆಸರು ಹಿಡಿದು ಮಾತಾಡಿಸುತ್ತಾರೆ, ಇನ್ನೇನು ಬೇಕು ಅಂತ ನಮಗೆ ಅನಿಸುತ್ತದೆ. ಆದರೆ ಆ ಮಾತಿನ ಹಿಂದೆ ಇನ್ನೊಂದಿಷ್ಟು ಮಾತು ಸಾಲಾಗಿ ಬರುತ್ತದೆ. ಚೆನ್ನಾಗಿದ್ದೀರಲ್ಲ, ಮತ್ತೆ ಕೆಲಸಕ್ಕೆ ಯಾಕೆ ಹೋಗುತ್ತಿಲ್ಲ? ಚೆನ್ನಾಗಿದ್ದೀರಲ್ಲ, ಫೋನ್ ಯಾಕೆ ಎತ್ತುವುದಿಲ್ಲ? ಮಧ್ಯಾಹ್ನ ಮೂರು ಗಂಟೆಗೆಲ್ಲ ಯಾಕೆ ಮಲಗಿಬಿಡುತ್ತೀರಿ?

ನಾನು ಸ್ಪೀಚ್ ಥೆರಪಿಸ್ಟ್. ದಿನವೂ ಇಂಥವರ ಜೊತೆಗೇ ಕೆಲಸ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಮಿದುಳಿಗೆ ಪೆಟ್ಟಾದವರಲ್ಲಿ ನಮಗೆ ಸೋಮಾರಿತನ, ಮುಂಗೋಪ, ಸುಳ್ಳು, ಹಟ ಅಂತ ಕಾಣುವುದರಲ್ಲಿ ಬಹಳಷ್ಟು ಅವರ ಗುಣ ಅಲ್ಲ, ಗಾಯದ ಲಕ್ಷಣ. ಅದು ಗೊತ್ತಿಲ್ಲದಿದ್ದರೆ ನಮ್ಮಲ್ಲಿ ಎಷ್ಟೇ ಪ್ರೀತಿ ಇದ್ದರೂ ಅವರನ್ನು ನೋಯಿಸುತ್ತಲೇ ಇರುತ್ತೇವೆ. ಕಾಲು ಮುರಿದವರು ಎಲ್ಲಿ ನೋಯುತ್ತಿದೆ ಅಂತ ತಾವೇ ತೋರಿಸುತ್ತಾರೆ. ಇಲ್ಲಿ ಹಾಗಲ್ಲ, ತೋರಿಸಿ ಹೇಳಬೇಕಾದ ಅಂಗಕ್ಕೇ ಪೆಟ್ಟಾಗಿದೆ.

ಪೆಟ್ಟು ಅಂದಾಗ ಬರೀ ರಸ್ತೆ ಅಪಘಾತ ಅಂದುಕೊಳ್ಳಬೇಡಿ. ಜಾರಿ ಬಿದ್ದದ್ದು, ಸ್ಟ್ರೋಕ್, ಹೃದಯ ನಿಂತು ಸ್ವಲ್ಪ ಹೊತ್ತು ಆಮ್ಲಜನಕ ಸಿಗದೇ ಹೋದದ್ದು, ಮಿದುಳು ಜ್ವರ, ಗಡ್ಡೆ, ಎಲ್ಲವೂ ಇದರಲ್ಲಿ ಸೇರುತ್ತವೆ. ಕಾರಣ ಯಾವುದಾದರೂ ಆಗಲಿ, ಮನೆಗೆ ಬಂದ ಮೇಲಿನ ಕಷ್ಟಗಳಲ್ಲಿ ಹೋಲಿಕೆ ತುಂಬಾ ಇದೆ.

"ಸ್ಕ್ಯಾನ್ ನಾರ್ಮಲ್ ಬಂದಿದೆ ಮೇಡಂ, ಆದರೂ ಹೀಗಾಡುತ್ತಾರೆ" ಅಂತ ಹೇಳುವವರು ತುಂಬಾ ಜನ. ತಲೆ ಜೋರಾಗಿ ತಿರುಗಿ ನಿಂತಾಗ ಮಿದುಳಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯುವ ಸಣ್ಣ ಸಣ್ಣ ನರತಂತುಗಳು ಜಗ್ಗಿ ಹರಿಯುತ್ತವೆ. ಇವು ಎಷ್ಟು ಸಣ್ಣವು ಅಂದರೆ ಮಾಮೂಲಿ ಸಿಟಿ ಸ್ಕ್ಯಾನ್‌ನಲ್ಲಿ ಕಾಣಿಸದೇ ಹೋಗಬಹುದು. ರಕ್ತಸ್ರಾವ ಆಗಿದೆಯಾ, ಮೂಳೆ ಮುರಿದಿದೆಯಾ, ತಕ್ಷಣ ಆಪರೇಷನ್ ಬೇಕಾ ಅಂತ ನೋಡುವುದಕ್ಕೆ ಆ ಸ್ಕ್ಯಾನ್ ಬೇಕು. ಈ ಮನುಷ್ಯ ನಾಳೆ ಲೆಕ್ಕಪತ್ರ ನೋಡಬಲ್ಲನಾ ಅನ್ನುವುದನ್ನು ಅದು ಹೇಳಲಾರದು. ತುರ್ತು ವಿಭಾಗದಲ್ಲಿ ಹಾಕುವ ಸ್ಕೋರ್ ಕೂಡ ಹಾಗೇ. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ಮಾಡಿದ ಅಳತೆ ಅದು. ಕಣ್ಣು ಬಿಡುತ್ತಾರಾ, ಮಾತಾಡುತ್ತಾರಾ, ಕೈಕಾಲು ಆಡಿಸುತ್ತಾರಾ ಅಂತ ನೋಡಿ 3ರಿಂದ 15ರ ಒಳಗೆ ಅಂಕ ಕೊಡುತ್ತಾರೆ. 13 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೆಟ್ಟು ಸಣ್ಣದು ಅಂತ ಬರೆಯುತ್ತಾರೆ. ಆ ಹೊತ್ತಿನ ಎಚ್ಚರಕ್ಕೆ ಕೊಟ್ಟ ಅಂಕ ಅದು. ಅಂಥವರಲ್ಲೂ ಕೆಲವರಿಗೆ ತಿಂಗಳುಗಟ್ಟಲೆ ತಲೆನೋವು, ಮರೆವು, ಬೆಳಕು ಕಂಡರೆ ಆಗದಿರುವುದು ಇರುತ್ತದೆ.

ಈಗ ಸುಸ್ತಿನ ವಿಷಯ. ಮಿದುಳಿನ ತೂಕ ಸುಮಾರು 1.4 ಕಿಲೋ, ಮೈತೂಕದ ನೂರರಲ್ಲಿ ಎರಡು ಪಾಲು. ಆದರೆ ಸುಮ್ನೆ ಕೂತಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಭಾಗ ಅದಕ್ಕೇ ಬೇಕು. ಪೆಟ್ಟಾದ ಮೇಲೆ, ಹಿಂದೆ ತಾನಾಗಿ ಆಗುತ್ತಿದ್ದ ಕೆಲಸಗಳನ್ನೆಲ್ಲ ಯೋಚಿಸಿ ಯೋಚಿಸಿ ಮಾಡಬೇಕಾಗುತ್ತದೆ. ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿದ್ದರೆ ಯಾರ ಮಾತು ಕೇಳಬೇಕು, ಯಾವುದನ್ನು ಬಿಡಬೇಕು ಅಂತ ನಮ್ಮ ಮಿದುಳು ನಮಗೆ ಗೊತ್ತೇ ಆಗದಂತೆ ಆರಿಸಿಕೊಳ್ಳುತ್ತದೆ. ಅವರಿಗೆ ಟಿವಿ ಸದ್ದು, ಪಾತ್ರೆ ಸದ್ದು, ಮಕ್ಕಳ ಗಲಾಟೆ, ನಿಮ್ಮ ಪ್ರಶ್ನೆ, ಎಲ್ಲವೂ ಒಂದೇ ಜೋರಿನಲ್ಲಿ ಕೇಳಬಹುದು. ಒಂದು ಗಂಟೆ ನೆಂಟರ ಮಧ್ಯೆ ನಗುನಗುತ್ತಾ ಕೂತಿದ್ದವರು ಮಾರನೆಯ ದಿನ ಹಾಸಿಗೆಯಿಂದ ಏಳುವುದಿಲ್ಲ. ನೀವು ನೋಡಿದ್ದು ಆ ಒಂದು ಗಂಟೆಯನ್ನು ಮಾತ್ರ, ಅಲ್ವಾ? ಅದಕ್ಕೇ ಚೆನ್ನಾಗಿದ್ದಾರೆ ಅಂತ ಹೇಳಿಕೊಂಡು ಹೋಗುತ್ತೀರಿ. ಆ ಮಾರನೆಯ ದಿನವನ್ನು ಮನೆಯವರು ಮಾತ್ರ ನೋಡುತ್ತಾರೆ.

"ಸೋಮಾರಿ ಆಗಿಬಿಟ್ಟಿದ್ದಾರೆ" ಅನ್ನುವ ದೂರಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಯಾಕೆಂದರೆ ಸಂಸಾರಗಳು ಮುರಿಯುವಷ್ಟು ಮನಸ್ತಾಪ ಇದರಿಂದ ಆಗುವುದನ್ನು ನೋಡಿದ್ದೇನೆ.

ಒಬ್ಬರು ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ತೊಡೆಯ ಮೇಲೆ ಟವೆಲ್ ಇದೆ. ಹೆಂಡತಿ ಬಂದು "ಸ್ನಾನಕ್ಕೆ ಹೋಗುತ್ತೀರಾ?" ಅಂತ ಕೇಳುತ್ತಾರೆ. "ಹೂಂ, ಹೊರಟೆ" ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಬಂದರೆ ಅಲ್ಲೇ ಕೂತಿದ್ದಾರೆ, ಟವೆಲ್ ಅಲ್ಲೇ ಇದೆ. ಮತ್ತೆ ಕೇಳಿದರೆ ಮತ್ತೆ "ಹೊರಟೆ". ಮೂರನೇ ಸಲಕ್ಕೆ ಹೆಂಡತಿಯ ತಾಳ್ಮೆ ಮುಗಿಯುತ್ತದೆ, ಯಾರಿಗಾದರೂ ಮುಗಿಯುತ್ತದೆ. ಆದರೆ ಆತ ಸುಳ್ಳು ಹೇಳುತ್ತಿಲ್ಲ. ಹೋಗಬೇಕು ಅಂತ ನಿಜವಾಗಿಯೂ ಇದೆ. ಮಾಡಬೇಕು ಅನ್ನುವುದಕ್ಕೂ ಮಾಡಲು ಎದ್ದು ನಿಲ್ಲುವುದಕ್ಕೂ ನಡುವೆ ಇರುವ ಕೊಂಡಿಯನ್ನು ಹಣೆಯ ಹಿಂದಿನ ಮಿದುಳು ನೋಡಿಕೊಳ್ಳುತ್ತದೆ. ಅಲ್ಲಿ ಪೆಟ್ಟಾದರೆ ಮನಸ್ಸು ಹೊರಟಿರುತ್ತದೆ, ಮೈ ಹೊರಟಿರುವುದಿಲ್ಲ. ಅದೇ ಹೆಂಡತಿ ಹತ್ತಿರ ಬಂದು "ಏಳಿ" ಅಂದರೆ ಏಳುತ್ತಾರೆ. "ಟವೆಲ್ ಹೆಗಲಿಗೆ ಹಾಕಿಕೊಳ್ಳಿ" ಅಂದರೆ ಹಾಕಿಕೊಳ್ಳುತ್ತಾರೆ. ಬಚ್ಚಲಿನ ಬಾಗಿಲವರೆಗೆ ಜೊತೆಗೆ ನಡೆದರೆ ಉಳಿದದ್ದನ್ನೆಲ್ಲ ತಾವೇ ಮಾಡಿಕೊಂಡು ಬರುತ್ತಾರೆ. ಒಂದು ಸಲಕ್ಕೆ ಒಂದೇ ಹೆಜ್ಜೆ ಹೇಳುವುದು, ಗೋಡೆಗೆ ದೊಡ್ಡ ಅಕ್ಷರದ ಪಟ್ಟಿ ಅಂಟಿಸುವುದು, ಫೋನಿನಲ್ಲಿ ಅಲಾರಂ ಇಡುವುದು, ದಿನಾ ಅದೇ ಹೊತ್ತಿಗೆ ಅದೇ ಕೆಲಸ. ಇಷ್ಟರಿಂದಲೇ ಎಷ್ಟೋ ಮನೆಗಳಲ್ಲಿ ಜಗಳ ಕಡಿಮೆಯಾಗಿದೆ.

ಸಿಟ್ಟೂ ಹಣೆಯ ಹಿಂದಿನ ಅದೇ ಜಾಗದ ವಿಷಯ. ನಮಗೆಲ್ಲರಿಗೂ ದಿನಕ್ಕೆ ಹತ್ತು ಸಲ ಸಿಟ್ಟು ಬರುತ್ತದೆ, ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿಕೊಳ್ಳುತ್ತೇವೆ. ಅವರಿಗೆ ನುಂಗಿಕೊಳ್ಳುವ ಶಕ್ತಿ ಕಡಿಮೆಯಾಗಿರುತ್ತದೆ. ಆಗ ವಾದಕ್ಕೆ ಇಳಿಯಬೇಡಿ. ಟಿವಿ ಆರಿಸಿ, ದನಿ ತಗ್ಗಿಸಿ, ಸಾಧ್ಯವಾದರೆ ಹತ್ತು ನಿಮಿಷ ಪಕ್ಕದ ಕೋಣೆಗೆ ಹೋಗಿ. ಯಾವ ಹೊತ್ತಿನಲ್ಲಿ, ಯಾವುದರ ನಂತರ ಸಿಟ್ಟು ಬರುತ್ತದೆ ಅಂತ ಒಂದು ವಾರ ಬರೆದಿಟ್ಟು ನೋಡಿ, ಹಸಿವು, ನಿದ್ದೆಗೇಡು, ಗದ್ದಲ ಈ ಮೂರರಲ್ಲಿ ಒಂದು ಬಹಳ ಸಲ ಸಿಗುತ್ತದೆ. ಜೊತೆಗೇ ಇನ್ನೊಂದು ಮಾತನ್ನೂ ಗಟ್ಟಿಯಾಗಿ ಹೇಳುತ್ತೇನೆ. ಗಾಯದಿಂದ ಸಿಟ್ಟು ಬರುತ್ತದೆ ಅಂತ ಅರ್ಥ ಮಾಡಿಕೊಳ್ಳುವುದು ಬೇರೆ, ಹೊಡೆತ ತಿನ್ನುತ್ತಾ ಕೂರುವುದು ಬೇರೆ. ಕೈ ಮಾಡುವ ಮಟ್ಟಕ್ಕೆ ಹೋದರೆ ನೀವೂ ಮಕ್ಕಳೂ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಆಮೇಲೆ ವೈದ್ಯರಿಗೆ ಹೇಳಿ. ಮುಚ್ಚಿಡಬೇಡಿ. ಇದಕ್ಕೆ ಔಷಧಿ ಇದೆ, ಚಿಕಿತ್ಸೆ ಇದೆ.

ಹಣೆಯ ಹಿಂದಿನ ಮಿದುಳಿನ ಮಾತು ಬಂದರೆ ಫಿನಿಯಸ್ ಗೇಜ್ ಕಥೆ ಬಂದೇ ಬರುತ್ತದೆ. ಮನಃಶಾಸ್ತ್ರ ಓದಿದವರಿಗೆ ಗೊತ್ತಿರುತ್ತದೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಒಂದು ಮೀಟರಿಗಿಂತ ಉದ್ದದ, 6 ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯ ಮೂಳೆಯ ಕೆಳಗಿಂದ ನುಗ್ಗಿ ನೆತ್ತಿಯಿಂದ ಹೊರಗೆ ಹಾರಿತು. ವಯಸ್ಸು 25. ಸ್ವಲ್ಪ ಹೊತ್ತಿಗೇ ಎದ್ದು ಕೂತು ಮಾತಾಡಿದ. ಬದುಕಿಯೂ ಬಂದ. ಆದರೆ ಜವಾಬ್ದಾರಿಯಿಂದ ಆಳುಗಳ ತಂಡವನ್ನು ನಡೆಸುತ್ತಿದ್ದವನು ಬಾಯಿಗೆ ಬಂದಂತೆ ಬೈಯುವವನು, ಹೇಳಿದ ಮಾತು ಕೇಳದವನು, ಗಳಿಗೆಗೊಂದು ಯೋಚನೆ ಮಾಡುವವನು ಆದ. ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಲಿಲ್ಲ. ಇವನು ನಮ್ಮ ಗೇಜ್ ಅಲ್ಲ ಅಂದರು ಸ್ನೇಹಿತರು. ಅವನನ್ನು ನೋಡಿಕೊಂಡ ವೈದ್ಯ ಜಾನ್ ಹಾರ್ಲೋ ಇದನ್ನೆಲ್ಲ ಬರೆದಿಟ್ಟಿದ್ದಾರೆ.

ಬಹಳ ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನಿಸುವುದು ಅದರ ಮುಂದಿನ ಭಾಗ. ಗೇಜ್ 1852ರ ಹೊತ್ತಿಗೆ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ಅಲ್ಲಿ ವರ್ಷಗಟ್ಟಲೆ ಪ್ರಯಾಣಿಕರ ಕುದುರೆಗಾಡಿ ಓಡಿಸಿದ. ಗೊತ್ತಿಲ್ಲದ ದೇಶ, ಹೊಸ ಭಾಷೆ, ಹಲವು ಕುದುರೆಗಳ ಲಗಾಮು, ಹೊತ್ತಿಗೆ ಸರಿಯಾಗಿ ಹೊರಡಬೇಕು, ಪ್ರಯಾಣಿಕರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು. ಮೊದಲ ದಿನಗಳ ಆ ಗೇಜ್‌ಗೆ ಇದು ಆಗುತ್ತಿತ್ತಾ? ದಿನಾ ಒಂದೇ ದಾರಿ, ಒಂದೇ ಕ್ರಮ, ಕೈಗೆ ಕೆಲಸ ಇದ್ದದ್ದರಿಂದ ಅವನು ಎಷ್ಟೋ ಸುಧಾರಿಸಿಕೊಂಡಿರಬೇಕು ಅಂತ ಅವನ ಬದುಕನ್ನು ಕೂಲಂಕಷವಾಗಿ ಹುಡುಕಿದ ಇತಿಹಾಸಕಾರರು ಹೇಳುತ್ತಾರೆ. ಆಮೇಲೆ ತಾಯಿಯ ಹತ್ತಿರ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬಂದ. ಫಿಟ್ಸ್ ಬರಲು ಶುರುವಾಗಿ 1860ರಲ್ಲಿ ತೀರಿಕೊಂಡ. "ಇವರು ಇನ್ನು ಇಷ್ಟೇ" ಅಂತ ಯಾರಾದರೂ ಅಂದಾಗೆಲ್ಲ ನನಗೆ ಆ ಕುದುರೆಗಾಡಿ ನೆನಪಾಗುತ್ತದೆ. ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಬೇಗ ಆಗುತ್ತದೆ ನಿಜ. ಆಮೇಲೆ ನಿಧಾನವಾಗುತ್ತದೆ, ಆದರೆ ವರ್ಷಗಳ ನಂತರವೂ ಹೊಸದನ್ನು ಕಲಿತವರಿದ್ದಾರೆ.

ಇನ್ನು ಮರೆವು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ, ಅದೇ ಪ್ರಶ್ನೆ ಏಳನೇ ಸಲ. ಕೆಲವರು ನೆನಪಿಲ್ಲದ ಜಾಗವನ್ನು ಯಾವುದೋ ಕಥೆಯಿಂದ ತುಂಬುತ್ತಾರೆ. "ನಿನ್ನೆ ಆಫೀಸಿಗೆ ಹೋಗಿದ್ದೆ" ಅನ್ನುತ್ತಾರೆ, ಮನೆಯಿಂದ ಹೊರಗೇ ಹೋಗಿರುವುದಿಲ್ಲ. ಅದನ್ನು ಸುಳ್ಳು ಅನ್ನಬೇಡಿ. ಮೋಸ ಮಾಡುವ ಉದ್ದೇಶ ಅಲ್ಲಿಲ್ಲ, ಅವರ ಮಟ್ಟಿಗೆ ಅದು ನಡೆದದ್ದೇ.

ಸ್ವಿಟ್ಜರ್ಲೆಂಡಿನ ಎದುವಾರ್ ಕ್ಲಾಪರೇದ್ ಅನ್ನುವ ವೈದ್ಯರು 1911ರಲ್ಲಿ ಒಂದು ಸಂಗತಿ ಬರೆದರು. ಅವರ ಹತ್ತಿರ ಒಬ್ಬ ಹೆಂಗಸು ಇದ್ದರು, ಹೊಸದೇನೂ ನೆನಪಲ್ಲಿ ಉಳಿಯುತ್ತಿರಲಿಲ್ಲ. ದಿನಾ ನೋಡುವ ವೈದ್ಯರನ್ನೇ ಹೊಸಬರಂತೆ ಮಾತಾಡಿಸುತ್ತಿದ್ದರು. ಒಂದು ದಿನ ವೈದ್ಯರು ಬೆರಳುಗಳ ನಡುವೆ ಗುಂಡುಪಿನ್ನು ಇಟ್ಟುಕೊಂಡು ಕೈಕುಲುಕಿದರು. (ಇವತ್ತು ಯಾರೂ ಹೀಗೆ ಮಾಡಬಾರದು, ಮಾಡುವುದೂ ಇಲ್ಲ.) ಚುಚ್ಚಿದ್ದು ಆ ಹೆಂಗಸಿಗೆ ಬೇಗನೇ ಮರೆತುಹೋಯಿತು. ಆದರೆ ಆಮೇಲೆ ವೈದ್ಯರು ಕೈ ಚಾಚಿದಾಗ ತಮ್ಮ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಯಾಕೆ ಅಂತ ಅವರಿಗೇ ಗೊತ್ತಿರಲಿಲ್ಲ. ಇದಾಗಿ ಹೆಚ್ಚು ಕಡಿಮೆ ನೂರು ವರ್ಷಕ್ಕೆ, 2010ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ನೆನಪಿನ ಭಾಗಕ್ಕೆ ಹಾನಿಯಾದ ಕೆಲವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದರು. ನೋಡಿದ್ದೇನು ಅನ್ನುವುದು ನಿಮಿಷಗಳಲ್ಲಿ ಮರೆತುಹೋಯಿತು. ದುಃಖ ಮಾತ್ರ ಹಾಗೇ ಉಳಿದಿತ್ತು.

ಇದು ನಮ್ಮ ಮನೆಗಳಿಗೆ ಎಷ್ಟು ಮುಖ್ಯ ನೋಡಿ. ಏಳನೇ ಸಲ ಅದೇ ಪ್ರಶ್ನೆ ಬಂದಾಗ ನೀವು ಗದರಿದರೆ, ಗದರಿದ್ದು ಅವರಿಗೆ ಮರೆತುಹೋಗಬಹುದು, ಆದರೆ ಸಂಜೆಯವರೆಗೂ ಮುಖ ಬಾಡಿರುತ್ತದೆ, ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಹೇಗೂ ನೆನಪಿರುವುದಿಲ್ಲ, ಹೋಗಿ ನೋಡಿ ಏನು ಪ್ರಯೋಜನ ಅಂತ ಕೆಲವರು ಬರುವುದನ್ನೇ ನಿಲ್ಲಿಸುತ್ತಾರೆ. ನೀವು ಬಂದದ್ದು ಮರೆತರೂ, ಬಂದು ಹೋದ ಮೇಲಿನ ಹಗುರ ಉಳಿದಿರುತ್ತದೆ. ದಯವಿಟ್ಟು ಹೋಗಿ.

"ನನಗೇನೂ ಆಗಿಲ್ಲ, ಗಾಡಿ ಕೀ ಕೊಡಿ" ಅಂತ ಹಟ ಹಿಡಿಯುವವರ ಬಗ್ಗೆ ಒಂದು ಮಾತು. ತನಗೆ ಏನಾಗಿದೆ ಅಂತ ತಿಳಿದುಕೊಳ್ಳುವ ಭಾಗಕ್ಕೇ ಪೆಟ್ಟಾಗಿದ್ದರೆ, ತಿಳಿಯುವುದಾದರೂ ಹೇಗೆ? ಬಲಗಡೆಯ ಮಿದುಳಿಗೆ ಸ್ಟ್ರೋಕ್ ಆದ ಕೆಲವರಿಗೆ ಎಡಗಡೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿಯಾಗೇ ಇರುತ್ತದೆ. ಆದರೆ ತಟ್ಟೆಯ ಬಲಭಾಗ ಖಾಲಿಯಾಗಿರುತ್ತದೆ, ನಡುವೆ ಗೆರೆ ಎಳೆದಂತೆ ಎಡಭಾಗದ ಊಟ ಹಾಗೇ ಇರುತ್ತದೆ, ಅವರು ಇನ್ನೂ ಹಸಿವು ಅನ್ನುತ್ತಿರುತ್ತಾರೆ. ತಟ್ಟೆ ತಿರುಗಿಸಿ ಇಟ್ಟರೆ ಉಳಿದದ್ದನ್ನೂ ತಿನ್ನುತ್ತಾರೆ. ಕೆಲವರು ಮುಖದ ಒಂದೇ ಕಡೆ ಶೇವ್ ಮಾಡಿಕೊಂಡು ಬರುತ್ತಾರೆ. "ಕಣ್ಣು ಕಾಣುವುದಿಲ್ವಾ?" ಅಂತ ಕೂಗುವುದರಿಂದ ಅಲ್ಲಿ ಏನೂ ಬದಲಾಗದು. ಗಾಡಿ ಕೀ ಮಾತ್ರ ಕೊಡಬೇಡಿ. "ನಾನು ಬೇಡ ಅಂದೆ" ಅನ್ನುವ ಬದಲು "ಡಾಕ್ಟರು ಹೇಳುವವರೆಗೆ ಬೇಡವಂತೆ" ಅನ್ನಿ, ಸಿಟ್ಟು ನಿಮ್ಮ ಮೇಲೆ ಬರುವುದು ಸ್ವಲ್ಪ ಕಡಿಮೆಯಾಗುತ್ತದೆ.

ವಾಸನೆ ಹೋಗುವುದು, ಅಳು ಬಾರದ ಮಾತಿಗೂ ತಡೆಯಲಾರದೆ ಅಳುವುದು, ನಗಬಾರದ ಕಡೆ ನಗು ಉಕ್ಕುವುದು, ಇವೂ ಇರುತ್ತವೆ. ವಾಸನೆ ಇಲ್ಲದವರಿಗೆ ಗ್ಯಾಸ್ ಸೋರಿದರೆ ಗೊತ್ತಾಗುವುದಿಲ್ಲ, ಅದೊಂದು ಜೋಪಾನ.

ಮಾತಿನ ವಿಷಯಕ್ಕೆ ಬರುತ್ತೇನೆ, ಇದು ನನ್ನ ಕೆಲಸವೇ. 1861ರಲ್ಲಿ ಪ್ಯಾರಿಸ್‌ನ ಪಾಲ್ ಬ್ರೋಕಾ ಅನ್ನುವ ವೈದ್ಯರು ಲೆಬೋರ್ನ್ ಅನ್ನುವವರನ್ನು ನೋಡಿದರು. 21 ವರ್ಷದಿಂದ ಆಸ್ಪತ್ರೆಯಲ್ಲಿದ್ದ ಅವರ ಬಾಯಲ್ಲಿ ಬರುತ್ತಿದ್ದದ್ದು "ಟಾನ್" ಅನ್ನುವ ಒಂದು ಸದ್ದು ಮಾತ್ರ, ಬಹುತೇಕ. ಏನು ಕೇಳಿದರೂ "ಟಾನ್ ಟಾನ್". ಆದರೆ ಬೇರೆಯವರು ಹೇಳಿದ್ದರಲ್ಲಿ ಹೆಚ್ಚಿನದು ಅವರಿಗೆ ಅರ್ಥವಾಗುತ್ತಿತ್ತು. ತಮ್ಮ ಮಾತು ಅರ್ಥವಾಗದಿದ್ದಾಗ ಸಿಟ್ಟಾಗುತ್ತಿದ್ದರು. ಅವರು ತೀರಿಕೊಂಡ ಮೇಲೆ ನೋಡಿದಾಗ ಮಿದುಳಿನ ಎಡಮುಂಭಾಗದಲ್ಲಿ ಹಾನಿ ಕಂಡಿತು. ಮಾತು ಹೊರಡಿಸುವ ಕೆಲಸಕ್ಕೆ ಆ ಜಾಗ ಬೇಕು ಅಂತ ಆಗ ಗೊತ್ತಾಯಿತು.

ಮಾತು ಬಾರದವರ ಮುಂದೆ ನಾವು ಮಾಡುವುದೇನು? ಕಿವುಡರೇನೋ ಅನ್ನುವ ಹಾಗೆ ಕಿರುಚುತ್ತೇವೆ. ಇಲ್ಲ ಮಗುವಿನ ಜೊತೆ ಮಾತಾಡಿದ ಹಾಗೆ ಮಾತಾಡುತ್ತೇವೆ. ಇಲ್ಲವೇ ಪಕ್ಕದವರನ್ನು ಕೇಳುತ್ತೇವೆ, "ಇವರಿಗೆ ಊಟ ಆಯ್ತಾ?" ಅಂತ, ಅವರು ಎದುರಿಗೇ ಕೂತಿರುವಾಗ. ನನಗೆ ಬಹಳ ನೋವು ಕೊಡುವುದು ಇದೇ. ಅವರನ್ನೇ ಕೇಳಿ. ಚಿಕ್ಕ ವಾಕ್ಯದಲ್ಲಿ ಕೇಳಿ, ಹೂಂ ಅಥವಾ ಊಹೂಂ ಅನ್ನಬಹುದಾದ ಪ್ರಶ್ನೆ ಕೇಳಿ. ಕೇಳಿದ ಮೇಲೆ ಕಾಯಿರಿ. ಸುಮ್ಮನಿದ್ದರೆ ಉತ್ತರ ಇಲ್ಲ ಅಂತ ಅಲ್ಲ, ಹುಡುಕುತ್ತಿದ್ದಾರೆ. ಅವರ ಬಾಯಲ್ಲಿ ಅರ್ಧ ಬಂದ ಪದವನ್ನು ನೀವು ಪೂರ್ತಿ ಮಾಡಿಕೊಡುವ ಮುಂಚೆ, ಸಹಾಯ ಬೇಕಾ ಅಂತ ಕಣ್ಣಲ್ಲೇ ಕೇಳಿ. ಕಾಗದ, ಪೆನ್ನು, ಫೋಟೊ, ಕೈಸನ್ನೆ, ಯಾವುದಾದರೂ ಸರಿ.

"ನನಗೂ ಈಗೀಗ ಮರೆವು ಜಾಸ್ತಿ ಬಿಡಿ" ಅಂತ ಸಮಾಧಾನ ಮಾಡುವುದೂ ಬೇಡ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಇಡೀ ದಿನ ಹೋರಾಡಿ ಮೂರು ಕೆಲಸ ನೆನಪಿಟ್ಟುಕೊಂಡವರಿಗೆ, ತಮ್ಮ ಕಷ್ಟವನ್ನು ಯಾರೂ ನಂಬುತ್ತಿಲ್ಲ ಅನಿಸಿಬಿಡುತ್ತದೆ. "ಅಯ್ಯೋ ಪಾಪ" ಅನ್ನುತ್ತಾ ಎಲ್ಲವನ್ನೂ ನಾವೇ ಮಾಡಿಕೊಡುವುದು ಕೂಡ ಸರಿಯಲ್ಲ. ಗುಂಡಿ ಹಾಕಿಕೊಳ್ಳಲು ಅವರಿಗೆ ಹತ್ತು ನಿಮಿಷ ಬೇಕಾದರೆ ಹತ್ತು ನಿಮಿಷ ಕೊಡಿ. ಯಾವ ಅಂಗಿ ಅನ್ನುವುದನ್ನು ಅವರೇ ಹೇಳಲಿ.

ನೋಡಿಕೊಳ್ಳುವವರಿಗೆ ಒಂದು ಮಾತು. ಪಾಲಿನ್ ಬಾಸ್ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಿಂದ ಒಂದು ಬಗೆಯ ದುಃಖದ ಬಗ್ಗೆ ಬರೆಯುತ್ತಾ ಬಂದಿದ್ದಾರೆ. ಮನುಷ್ಯ ಎದುರಿಗೇ ಇದ್ದಾನೆ, ಆದರೆ ನಿಮಗೆ ಗೊತ್ತಿದ್ದ ಆ ಮನುಷ್ಯ ಇಲ್ಲ. ಸಾವಿಗೆ ಜನ ಸೇರುತ್ತಾರೆ, ಅಳಲು ಒಂದು ದಿನ ಅಂತ ಇರುತ್ತದೆ. ಇದಕ್ಕೆ ಅದೂ ಇಲ್ಲ. ಬದುಕಿ ಬಂದರಲ್ಲ, ಇನ್ನೇನು ಅಂತ ಕೇಳುತ್ತಾರೆ. ಹಳೆಯ ಗಂಡನ, ಹಳೆಯ ಮಗಳ ನೆನಪಾಗಿ ಅಳು ಬಂದರೆ ಅದು ಸ್ವಾರ್ಥ ಅಲ್ಲ. ಬೇಸತ್ತು ಕೂಗಿಬಿಟ್ಟ ದಿನಗಳಿಗಾಗಿ ನಿಮ್ಮನ್ನು ನೀವು ಬೈದುಕೊಂಡು ಕೂರಬೇಡಿ. ವಾರಕ್ಕೆ ಒಂದು ಅರ್ಧ ದಿನ ಬೇರೆ ಯಾರಾದರೂ ಬಂದು ನೋಡಿಕೊಳ್ಳಲಿ ಅಂತ ಬಾಯಿಬಿಟ್ಟು ಕೇಳಿ.

ಕೊನೆಯಲ್ಲಿ ಇಬ್ಬರು ಪ್ರಶ್ನೆ ಕೇಳಿದರು.

"ನನ್ನ ತಮ್ಮ ಬೇಕಂತಲೇ ಮಾಡುತ್ತಾನೋ, ಆಗದೇ ಮಾಡುತ್ತಾನೋ, ಹೇಗೆ ಗೊತ್ತಾಗಬೇಕು ಮೇಡಂ?" ಅಂತ ಒಬ್ಬರು ಕೇಳಿದರು. ಒಂದೊಂದು ಸಲ ನಮಗೂ ಗೊತ್ತಾಗುವುದಿಲ್ಲ ಅಂತಲೇ ಹೇಳಿದೆ. ಅನುಮಾನ ಇದ್ದಾಗ ಆಗುತ್ತಿಲ್ಲ ಅಂದುಕೊಂಡೇ ಶುರು ಮಾಡಿ. ಕೆಲಸವನ್ನು ಸಣ್ಣದು ಮಾಡಿ ಕೊಡಿ, ಗದ್ದಲ ಕಡಿಮೆ ಮಾಡಿ, ನಿದ್ದೆ ಆದ ಮೇಲೆ ಬೆಳಿಗ್ಗೆ ಮಾಡಿಸಿ ನೋಡಿ. ಆಗ ಆದರೆ, ನಿನ್ನೆ ಸಂಜೆ ಆಗದೇ ಇದ್ದದ್ದು ಹಟದಿಂದ ಅಲ್ಲ ಅಂತ ನಿಮಗೇ ಗೊತ್ತಾಗುತ್ತದೆ. ನಿನ್ನೆ ಮಾಡಿದನಲ್ಲ, ಇವತ್ತು ಯಾಕಿಲ್ಲ ಅಂತ ಮಾತ್ರ ಕೇಳಬೇಡಿ. ಒಂದೇ ಗಾಯ ದಿನಕ್ಕೊಂದು ಥರ ಇರುತ್ತದೆ.

ಇನ್ನೊಬ್ಬರು ಎದ್ದು ನಿಂತು, "ನಾವು ಹಳೆಯ ಸ್ನೇಹಿತರು. ಹೋಗಬೇಕು ಅನಿಸುತ್ತದೆ, ಏನು ಮಾತಾಡಬೇಕೋ ತಿಳಿಯದೆ ಆರು ತಿಂಗಳಿಂದ ಹೋಗಿಲ್ಲ" ಅಂದರು. ಅವರಿಗೆ ಹೇಳಿದ್ದು ಇಷ್ಟು. ಹಿಂಡು ಕಟ್ಟಿಕೊಂಡು ಹೋಗಬೇಡಿ, ಒಬ್ಬರೇ ಹೋಗಿ. ಅವರ ದಿನದಲ್ಲಿ ಯಾವ ಹೊತ್ತು ಒಳ್ಳೆಯದು ಅಂತ ಮನೆಯವರನ್ನು ಕೇಳಿಕೊಂಡು ಹೋಗಿ. ಬಾಗಿಲಲ್ಲೇ ನಿಮ್ಮ ಹೆಸರು ಹೇಳಿ, "ನಾನು ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಟಿವಿ ಆರಿಸಿ ಎದುರಿಗೆ ಕೂತುಕೊಳ್ಳಿ. ಹಳೆಯ ಫೋಟೊ ಇದ್ದರೆ ಒಂದೆರಡು ಸಾಕು. ಮಾತು ಇಲ್ಲದಿದ್ದರೆ ಸುಮ್ನೆ ಕೂತಿರಿ, ಅದರಿಂದ ಏನೂ ಕೊರತೆ ಇಲ್ಲ. ಅವರ ಕಣ್ಣು ಸೋಲುತ್ತಿದೆ ಅನಿಸಿದಾಗ, ಅರ್ಧ ಗಂಟೆಯ ಒಳಗೇ ಆದರೂ, ಎದ್ದು ಹೊರಡಿ. ಹೊರಡುವ ಮುಂಚೆ ಮುಂದಿನ ವಾರ ಯಾವತ್ತು ಬರುತ್ತೀರಿ ಅಂತ ಅವರ ಕ್ಯಾಲೆಂಡರಿನಲ್ಲಿ ಬರೆದು ಬನ್ನಿ, ಆ ದಿನ ತಪ್ಪದೆ ಹೋಗಿ.